ಜೇನು ಹೊಡೆದಾಗ ಅವಿಲ್ ಏಕೆ ಸಾಲದು

ಡಿಸೆಂಬರ್‌ನಲ್ಲಿ ಕಾಫಿ ಕುಯ್ಲು ಶುರುವಾಯಿತು ಎಂದರೆ, ಏಪ್ರಿಲ್ ಹೊತ್ತಿಗೆ ಕರಿಮೆಣಸು ಮುಗಿಯುವ ತನಕ ಕೊಡಗಿನ ಜನ ಮರದಡಿಯಲ್ಲೇ ಇರುತ್ತಾರೆ. ಹೆಜ್ಜೇನು ಅದೇ ಮರದ ಮೇಲಿರುತ್ತದೆ. ಮೆಣಸು ಕುಯ್ಯಲು ಇಟ್ಟ ಏಣಿ ಕೊಂಬೆಗೆ ತಾಗುತ್ತದೆ, ಇಲ್ಲವೇ ಹದ್ದೊಂದು ಗೂಡಿಗೆ ಎರಗುತ್ತದೆ. ಕೆಳಗಿದ್ದವರು ದಿಕ್ಕಾಪಾಲು. ಹೆಜ್ಜೇನು ದಾಳಿಯ ಸುದ್ದಿ ಈ ತಿಂಗಳುಗಳಲ್ಲಿ ಪೇಪರಿನ ಒಳಪುಟದಲ್ಲಿ ಬಂದೇ ಬರುತ್ತದೆ.

ಆಮೇಲೆ ನಡೆಯುವುದು ಎಲ್ಲರಿಗೂ ಗೊತ್ತಿರುವುದೇ. ಹತ್ತಿರದ ಕ್ಲಿನಿಕ್, ಅಲರ್ಜಿಗೆಂದು ಒಂದು ಅವಿಲ್ ಇಂಜೆಕ್ಷನ್, ಒಂದು ಡೆಕ್ಸಾ ಎಂಬ ಸ್ಟಿರಾಯ್ಡ್, ಸಂಜೆ ಮನೆಗೆ. ಬಹುಪಾಲು ಜನ ಬದುಕುತ್ತಾರೆ. ಹಾಗಾಗಿ ಬದುಕಿಸಿದ್ದು ಅವಿಲ್ ಎಂಬ ನಂಬಿಕೆ ಊರಲ್ಲಿ ಬೇರೂರಿದೆ. ನಿಜ ಏನೆಂದರೆ, ಆ ಬಹುಪಾಲು ಜನ ಇಂಜೆಕ್ಷನ್ ಇಲ್ಲದಿದ್ದರೂ ಬದುಕುತ್ತಿದ್ದರು. ಸಾಯುವ ಹಾದಿಯಲ್ಲಿದ್ದ ಒಬ್ಬಿಬ್ಬರಿಗೆ ಮಾತ್ರ ಬೇರೆಯದೇ ಮದ್ದು ಬೇಕಿತ್ತು. ಅದು ಸಿಕ್ಕಿತೋ ಇಲ್ಲವೋ ಎಂಬುದರ ಮೇಲೆ ಅವರ ಜೀವ ನಿಂತಿರುತ್ತದೆ.

ತುರಿಸಿದರೂ ಅಲರ್ಜಿ, ಸೀನಿದರೂ ಅಲರ್ಜಿ, ರಕ್ತ ಕೊಟ್ಟಾಗ ಚಳಿ ಬಂದರೂ ಅಲರ್ಜಿ, ಹಾವಿನ ಮದ್ದು ಹಾಕಿದಾಗ ಮೈ ಊದಿದರೂ ಅಲರ್ಜಿ ಎನ್ನುತ್ತೇವೆ. ದೇಹದ ಒಳಗೆ ಇವೆಲ್ಲ ಒಂದೇ ಅಲ್ಲ. ಫಿಲಿಪ್ ಗೆಲ್ ಮತ್ತು ರಾಬಿನ್ ಕೂಂಬ್ಸ್ ಎಂಬ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು 1963ರಲ್ಲಿ ಇವನ್ನು ನಾಲ್ಕು ಗುಂಪು ಮಾಡಿದರು. ಮೊದಲ ಮೂರರಲ್ಲಿ ಕೆಲಸ ಕೆಡಿಸುವುದು ಪ್ರತಿಕಾಯ, ಅಂದರೆ ರೋಗಾಣುಗಳನ್ನು ಹಿಡಿಯಲು ನಮ್ಮ ರಕ್ತದಲ್ಲೇ ತಯಾರಾಗುವ ಪ್ರೊಟೀನು. ನಾಲ್ಕನೆಯದಕ್ಕೆ ಪ್ರತಿಕಾಯ ಬೇಡವೇ ಬೇಡ. ಯಾವ ಪ್ರತಿಕಾಯ, ಅದು ಎಲ್ಲಿ ಕೂತಿದೆ ಎಂಬುದು ಗೊತ್ತಾದರೆ ಯಾವ ಮದ್ದು ಎಂಬುದು ಮುಕ್ಕಾಲು ಗೊತ್ತಾದ ಹಾಗೆ. ಗೊತ್ತಿಲ್ಲದೆ ಎಲ್ಲದಕ್ಕೂ ಒಂದೇ ಇಂಜೆಕ್ಷನ್ ಚುಚ್ಚಿದರೆ ಕೆಲವು ಸಲ ಅದು ಸುಮ್ನೆ ವ್ಯರ್ಥ, ಕೆಲವು ಸಲ ಅದರಿಂದ ಅಮೂಲ್ಯ ನಿಮಿಷಗಳು ಹೋಗುತ್ತವೆ.

ರಕ್ಷಣೆಗೆ ಇರುವ ವ್ಯವಸ್ಥೆಯೇ ಆಳನ್ನು ಕೊಲ್ಲಬಹುದು ಎಂದು ಮೊದಲು ತೋರಿಸಿದ್ದು ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ. ಅವರು ಸಮುದ್ರದ ಅನಿಮೋನ್ ಎಂಬ ಜೀವಿಯ ವಿಷವನ್ನು ನಾಯಿಗಳಿಗೆ ಕೊಟ್ಟು ನೋಡುತ್ತಿದ್ದರು. ಸ್ವಲ್ಪ ಸ್ವಲ್ಪ ಕೊಟ್ಟರೆ ದೇಹ ಪಳಗುತ್ತದೆ ಎಂಬುದು ಅವರ ಲೆಕ್ಕ. ಆದರೆ ಮೊದಲ ಸಲ ತಡೆದುಕೊಂಡಿದ್ದ ನಾಯಿ, ಕೆಲವು ವಾರ ಬಿಟ್ಟು ಅದಕ್ಕಿಂತ ಎಷ್ಟೋ ಕಡಿಮೆ ವಿಷ ಕೊಟ್ಟಾಗ ಅರ್ಧ ಗಂಟೆಯೊಳಗೆ ಸತ್ತಿತು. 1902ರಲ್ಲಿ ಇದಕ್ಕೆ ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟರು. ರಿಶೆಗೆ 1913ರಲ್ಲಿ ನೊಬೆಲ್ ಬಂತು. "ಹೋದ ವರ್ಷ ಜೇನು ಕಚ್ಚಿದಾಗ ಏನೂ ಆಗಿರಲಿಲ್ಲವಲ್ಲ" ಎಂದು ಇವತ್ತಿಗೂ ಮನೆಯವರು ಕೇಳುವ ಪ್ರಶ್ನೆಗೆ ಉತ್ತರ ಆ ನಾಯಿಯಲ್ಲೇ ಇತ್ತು. ಮೊದಲ ಸಲ ಏನೂ ಆಗುವುದಿಲ್ಲ. ಮೊದಲ ಸಲ ತಯಾರಿ ನಡೆಯುತ್ತದೆ, ಅಷ್ಟೇ.

ಆ ತಯಾರಿ ಎಂದರೆ ಐಜಿಇ ಎಂಬ ಪ್ರತಿಕಾಯ. ಅದು ರಕ್ತದಲ್ಲಿದೆ ಎಂದು ತೋರಿಸಿದ ಪ್ರಯೋಗ ಈಗಿನ ಕಾಲದಲ್ಲಾದರೆ ಯಾವ ಸಮಿತಿಯೂ ಒಪ್ಪುತ್ತಿರಲಿಲ್ಲ. 1921ರಲ್ಲಿ ಜರ್ಮನಿಯ ವೈದ್ಯ ಕಾರ್ಲ್ ಪ್ರಾಸ್ನಿಟ್ಸ್, ಮೀನು ತಿಂದರೆ ಮೈಯೆಲ್ಲ ಗಂಧೆ ಏಳುತ್ತಿದ್ದ ತನ್ನ ಸಹೋದ್ಯೋಗಿ ಹೈಂಜ್ ಕ್ಯೂಸ್ಟ್ನರ್‌ನ ರಕ್ತದ ಸೀರಂ ತೆಗೆದು ತನ್ನ ಚರ್ಮಕ್ಕೆ ಚುಚ್ಚಿಕೊಂಡ. ಮಾರನೇ ದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ಅಲ್ಲಿ ಗಂಧೆ ಎದ್ದಿತು. ಅಂದರೆ ಅಲರ್ಜಿಯನ್ನು ರಕ್ತದ ಮೂಲಕ ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸಬಹುದು. ಅದು ಯಾವ ಪದಾರ್ಥ ಎಂದು ತಿಳಿಯಲು ಮತ್ತೆ 45 ವರ್ಷ ಬೇಕಾಯಿತು. ಅಮೆರಿಕದಲ್ಲಿದ್ದ ಜಪಾನಿನ ದಂಪತಿ ಕಿಮಿಶಿಗೆ ಮತ್ತು ತೆರುಕೊ ಇಶಿಝಾಕಾ ಒಂದು ಕಡೆ, ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಕ್ ಇನ್ನೊಂದು ಕಡೆ, 1966-67ರ ಸುಮಾರಿಗೆ ಅದನ್ನು ಗುರುತಿಸಿದರು.

ಐಜಿಇ ರಕ್ತದಲ್ಲಿ ತೀರಾ ಕಡಿಮೆ ಇರುತ್ತದೆ, ಎರಡು ದಿನದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅದರ ಜಾಗ ಬೇರೆ. ಚರ್ಮದಡಿ, ಮೂಗಿನಲ್ಲಿ, ಶ್ವಾಸನಾಳದಲ್ಲಿ, ಕರುಳಿನಲ್ಲಿ ಇರುವ ಮಾಸ್ಟ್ ಕೋಶಗಳ ಮೈಮೇಲೆ ಅದು ವಾರಗಟ್ಟಲೆ ಅಂಟಿಕೊಂಡು ಕೂರುತ್ತದೆ. ಆ ಕೋಶಗಳ ಹೊಟ್ಟೆಯಲ್ಲಿ ಹಿಸ್ಟಮಿನ್ ತುಂಬಿದ ಸಣ್ಣ ಸಣ್ಣ ಕಾಳುಗಳಿರುತ್ತವೆ. ಜೇನಿನ ವಿಷದ ಕಣ ಮತ್ತೆ ಬಂದು ಪಕ್ಕಪಕ್ಕದ ಎರಡು ಐಜಿಇಗಳಿಗೆ ಒಟ್ಟಿಗೆ ತಾಗಿದರೆ ಸಾಕು, ಕೋಶ ನಿಮಿಷದೊಳಗೆ ಎಲ್ಲವನ್ನೂ ಹೊರಗೆ ಸುರಿಯುತ್ತದೆ. ಇದು ಇರುವುದು ಬಹುಶಃ ಕರುಳಿನ ಹುಳು, ಉಣ್ಣೆಯಂಥ ಪರಾವಲಂಬಿಗಳನ್ನು ಹೊರಗಟ್ಟಲು. ಜೇನಿಗೋ ಹೂವಿನ ಪುಡಿಗೋ ಅದು ಕೆರಳುವುದು, ಆನೆ ಓಡಿಸಲು ತಂದಿಟ್ಟ ಪಟಾಕಿಯನ್ನು ಮೊಲ ಕಂಡು ಮನೆಯೊಳಗೇ ಹಚ್ಚಿದ ಹಾಗೆ.

ಹಿಸ್ಟಮಿನ್ ರಕ್ತನಾಳಗಳನ್ನು ಅಗಲ ಮಾಡುತ್ತದೆ, ಸೋರುವಂತೆ ಮಾಡುತ್ತದೆ. ಚರ್ಮದಲ್ಲಾದರೆ ಗಂಧೆ, ತುರಿಕೆ. ತುಟಿ, ನಾಲಗೆ, ಗಂಟಲಿನಲ್ಲಾದರೆ ಊತ. ಶ್ವಾಸನಾಳ ಬಿಗಿದರೆ ಉಬ್ಬಸ. ಕರುಳಿನಲ್ಲಾದರೆ ಹೊಟ್ಟೆ ಹಿಂಡಿದ ನೋವು, ವಾಂತಿ, ಭೇದಿ. ಇಡೀ ಮೈಯಲ್ಲಾದರೆ ರಕ್ತದ ನೀರಿನ ಅಂಶ ನಾಳದಿಂದ ಹೊರಗೆ ಸೋರಿ ಬಿಪಿ ಕುಸಿಯುತ್ತದೆ. ಹಿಸ್ಟಮಿನ್ ಒಂದೇ ಅಲ್ಲ. ಲ್ಯೂಕೋಟ್ರೈನ್, ಪ್ರೋಸ್ಟಗ್ಲ್ಯಾಂಡಿನ್, ಟ್ರಿಪ್ಟೇಸ್ ಹೀಗೆ ಒಂದು ಹಿಂಡೇ ಹೊರಬರುತ್ತದೆ. ಅವಿಲ್ ತಡೆಯುವುದು ಹಿಸ್ಟಮಿನ್ನಿನ ಒಂದು ಬಾಗಿಲನ್ನು ಮಾತ್ರ. ಗಂಧೆ, ತುರಿಕೆ ಅದಕ್ಕೆ ಬಗ್ಗುತ್ತವೆ. ಬಿಗಿದ ಶ್ವಾಸನಾಳ, ಕುಸಿದ ಬಿಪಿ ಬಗ್ಗುವುದಿಲ್ಲ. ಮೇಲಿಂದ ಅವಿಲ್ ನಿದ್ದೆ ತರಿಸುತ್ತದೆ. ಆಳು ಮಂಪರಿನಲ್ಲಿರುವುದು ಮದ್ದಿನಿಂದಲೋ ಬಿಪಿ ಇಳಿದಿದ್ದರಿಂದಲೋ ಗೊತ್ತಾಗುವುದಿಲ್ಲ. ಡೆಕ್ಸಾ, ಹೈಡ್ರೋಕಾರ್ಟಿಸೋನ್‌ನಂಥ ಸ್ಟಿರಾಯ್ಡ್ ಕೆಲಸ ಶುರು ಮಾಡಲಿಕ್ಕೇ ಕೆಲವು ಗಂಟೆ ಬೇಕು.

ಕೆಲವು ಗಂಟೆ ಯಾರ ಹತ್ತಿರ ಇದೆ? ಬ್ರಿಟನ್ನಿನಲ್ಲಿ ಅನಾಫಿಲಾಕ್ಸಿಸ್‌ನಿಂದ ಸತ್ತವರ ದಾಖಲೆಗಳನ್ನು ಒಂದೊಂದಾಗಿ ನೋಡಿದ ರಿಚರ್ಡ್ ಪಮ್‌ಫ್ರೀ 2000ರಲ್ಲಿ ಒಂದು ಲೆಕ್ಕ ಕೊಟ್ಟರು. ಉಸಿರು ಅಥವಾ ಹೃದಯ ನಿಲ್ಲುವವರೆಗಿನ ಸಮಯ, ನಡುವಿನ ಅಂಕಿ ಹಿಡಿದು ಹೇಳಿದರೆ, ಆಹಾರದಿಂದಾದರೆ 30 ನಿಮಿಷ, ಜೇನು-ಕಣಜದ ವಿಷದಿಂದಾದರೆ 15 ನಿಮಿಷ, ಇಂಜೆಕ್ಷನ್ನಿನಂಥ ಮದ್ದಿನಿಂದಾದರೆ 5 ನಿಮಿಷ. ಕುಟ್ಟದ ತೋಟದಿಂದ ಗೋಣಿಕೊಪ್ಪಕ್ಕೆ ಬರಲು, ಭಾಗಮಂಡಲದ ಆಚೆಯಿಂದ ಮಡಿಕೇರಿ ಮುಟ್ಟಲು, ಅದಕ್ಕೂ ಮೊದಲು ತೋಟದ ಒಳಗಿಂದ ಟಾರು ರಸ್ತೆಗೆ ಬರಲು ಎಷ್ಟು ಹೊತ್ತು ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಈ 15 ನಿಮಿಷದಲ್ಲಿ ಕೆಲಸ ಮಾಡುವ ಮದ್ದು ಒಂದೇ, ಅಡ್ರಿನಲಿನ್. ಅದು ಹಿಸ್ಟಮಿನ್ನಿನ ಬೆನ್ನು ಹತ್ತುವುದಿಲ್ಲ, ನೇರ ಎದುರು ಕೆಲಸ ಮಾಡುತ್ತದೆ. ಅಗಲವಾದ ರಕ್ತನಾಳವನ್ನು ಬಿಗಿ ಮಾಡುತ್ತದೆ, ಬಿಗಿದ ಶ್ವಾಸನಾಳವನ್ನು ಸಡಿಲ ಮಾಡುತ್ತದೆ, ಹೃದಯಕ್ಕೆ ಬಲ ಕೊಡುತ್ತದೆ, ಮಾಸ್ಟ್ ಕೋಶ ಇನ್ನಷ್ಟು ಸುರಿಯದಂತೆ ತಡೆಯುತ್ತದೆ. ಕೊಡುವ ಜಾಗ ತೊಡೆಯ ಹೊರಬದಿಯ ಮಾಂಸಖಂಡ. ರಟ್ಟೆಯಲ್ಲ, ಚರ್ಮದಡಿ ಅಲ್ಲ. ತರಬೇತಿ ಇದ್ದವರು ಕೊಡುವ ಪ್ರಮಾಣ ಕಿಲೋ ತೂಕಕ್ಕೆ 0.01 ಮಿಲಿಗ್ರಾಂ, ದೊಡ್ಡವರಿಗೆ ಹೆಚ್ಚೆಂದರೆ 0.5 ಮಿಲಿಗ್ರಾಂ, ಅಂದರೆ 1 ಮಿಲಿಲೀಟರ್ ಆಂಪ್ಯೂಲಿನ ಅರ್ಧ. ಸುಧಾರಿಸದಿದ್ದರೆ 5ರಿಂದ 15 ನಿಮಿಷದಲ್ಲಿ ಇನ್ನೊಂದು ಸಲ. ಬಿಪಿಗೆಂದು ಬೀಟಾ ಬ್ಲಾಕರ್ ಮಾತ್ರೆ ತಿನ್ನುವವರಲ್ಲಿ ಅಡ್ರಿನಲಿನ್ ಸರಿಯಾಗಿ ಹಿಡಿಯದೇ ಇರಬಹುದು. ಆಗ ಗ್ಲೂಕಗಾನ್ ಎಂಬ ಇನ್ನೊಂದು ಮದ್ದು ಬೇಕಾಗುತ್ತದೆ. ಮನೆಯ ಹಿರಿಯರು ಯಾವ ಮಾತ್ರೆ ತಗೊಳ್ಳುತ್ತಾರೆ ಎಂದು ಡಾಕ್ಟರಿಗೆ ಮೊದಲೇ ಹೇಳಬೇಕಾದ್ದು ಇದಕ್ಕೇ.

ಇನ್ನೊಂದು ವಿಷಯ ಮದ್ದಿನಷ್ಟೇ ಮುಖ್ಯ. ಆಳನ್ನು ಮಲಗಿಸಬೇಕು, ಕಾಲು ಎತ್ತರಿಸಬೇಕು. ಉಸಿರಾಡಲು ಕಷ್ಟವಾದರೆ ಒರಗಿ ಕೂರಬಹುದು, ಆದರೆ ನಡೆಸಬಾರದು. ಕುಸಿದ ಬಿಪಿಯಲ್ಲಿ ದಿಢೀರನೆ ಎದ್ದು ನಿಂತರೆ ಹೃದಯಕ್ಕೆ ರಕ್ತವೇ ಬರುವುದಿಲ್ಲ. ಪಮ್‌ಫ್ರೀ ಅವರೇ 2003ರಲ್ಲಿ ಹೀಗೆ ಎಬ್ಬಿಸಿದ ಕೂಡಲೇ ಸತ್ತವರ ವಿವರ ಬರೆದಿದ್ದಾರೆ. ನಮ್ಮ ಕಡೆ ಮಾಡುವುದು ಸರಿಯಾಗಿ ಇದರ ಉಲ್ಟಾ. ಇಬ್ಬರು ಹೆಗಲು ಕೊಟ್ಟು ಏರು ಹತ್ತಿಸಿ ಜೀಪಿನ ತನಕ ನಡೆಸುತ್ತಾರೆ, ಆಮೇಲೆ ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂರಿಸುತ್ತಾರೆ.

ಜೇನಿನ ಕೊಂಡಿ ತೆಗೆಯುವ ವಿಷಯದಲ್ಲೂ ಸುಮ್ನೆ ಚರ್ಚೆ ಜಾಸ್ತಿ. ಚರ್ಮದಲ್ಲಿ ಉಳಿದ ಕೊಂಡಿಯನ್ನು ಹತ್ತಿರದಿಂದ ನೋಡಿದರೆ ತುದಿಯಲ್ಲಿ ಒಂದು ಸಣ್ಣ ಬಿಳಿ ಚೀಲ ಕಾಣುತ್ತದೆ. ಜೇನು ಹಾರಿಹೋದ ಮೇಲೂ ಅದು ತನ್ನಷ್ಟಕ್ಕೆ ಮಿಡಿಯುತ್ತಾ ವಿಷ ಒಳಗೆ ತಳ್ಳುತ್ತಿರುತ್ತದೆ. ಬಹುಪಾಲು ವಿಷ ಮೊದಲ ಅರ್ಧ ನಿಮಿಷದಲ್ಲೇ ಒಳಗೆ ಹೋಗಿರುತ್ತದೆ. ಉಗುರಿನಲ್ಲಿ ಕೆರೆದು ತೆಗೆಯಬೇಕೋ ಚಿವುಟಿ ತೆಗೆಯಬೇಕೋ ಎಂದು ಯೋಚಿಸುತ್ತಾ ನಿಲ್ಲುವುದಕ್ಕಿಂತ ಹೇಗಾದರೂ ಸರಿ ತಕ್ಷಣ ತೆಗೆಯುವುದು ಒಳ್ಳೆಯದು. ಸುಣ್ಣ ಹುಡುಕಿಕೊಂಡು ಲೈನ್ ಮನೆಗೆ ಓಡುವುದು ಬೇಡ. ಕಣಜ ಕೊಂಡಿ ಬಿಡುವುದಿಲ್ಲ, ಮತ್ತೆ ಮತ್ತೆ ಚುಚ್ಚುತ್ತದೆ.

ಹೆಜ್ಜೇನಿನ ವಿಷಯದಲ್ಲಿ ಎರಡು ಅಪಾಯಗಳನ್ನು ಬೇರೆ ಮಾಡಿಯೇ ನೋಡಬೇಕು. ಒಂದೇ ಒಂದು ಜೇನು ಹೊಡೆದು ಐದು ನಿಮಿಷದಲ್ಲಿ ಆಳು ಬೆವೆತು ಕುಸಿದರೆ ಅದು ಅಲರ್ಜಿ. ನೂರಾರು ಜೇನು ಹೊಡೆದರೆ ಅಲರ್ಜಿಯೇ ಇಲ್ಲದವರಿಗೂ ಅಪಾಯ, ಏಕೆಂದರೆ ಅದು ವಿಷದ ನೇರ ಏಟು. ವಿಷದಲ್ಲಿರುವ ಮೆಲಿಟಿನ್, ಫಾಸ್ಫೋಲೈಪೇಸ್ ಎಂಬವು ಕೆಂಪು ರಕ್ತಕಣ, ಮಾಂಸಖಂಡವನ್ನು ಒಡೆಯುತ್ತವೆ. ಆ ಚೂರುಗಳು ಕಿಡ್ನಿಯಲ್ಲಿ ಕಟ್ಟಿಕೊಂಡು ಒಂದೆರಡು ದಿನದ ಮೇಲೆ ಮೂತ್ರ ಕಡಿಮೆಯಾಗುತ್ತದೆ, ಡಯಾಲಿಸಿಸ್ ತನಕ ಹೋಗಬಹುದು. ಇಂಥವರನ್ನು ಸಂಜೆ ಮನೆಗೆ ಕಳಿಸುವುದು ತಪ್ಪು. ಅಲರ್ಜಿಯಾದವರನ್ನೂ ಹಲವು ಗಂಟೆ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಬೇಕು. ಇಳಿದ ಅನಾಫಿಲಾಕ್ಸಿಸ್ ಜೇನು ಹೊಸದಾಗಿ ಕಚ್ಚದೆಯೂ ಕೆಲವರಲ್ಲಿ ಎರಡನೇ ಸಲ ಏರುತ್ತದೆ.

ಹಾಗಾದರೆ ಅಡ್ರಿನಲಿನ್ ತೋಟದ ಹತ್ತಿರ ಇರಬೇಕು, ಅಲ್ವಾ? ವಿದೇಶಗಳಲ್ಲಿ ಅಲರ್ಜಿ ಇರುವವರು ಪೆನ್ನಿನಂಥ ಆಟೋ ಇಂಜೆಕ್ಟರ್ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. 2024ರ ಆಗಸ್ಟ್‌ನಲ್ಲಿ ಅಮೆರಿಕ ಮೂಗಿಗೆ ಸಿಂಪಡಿಸುವ ಅಡ್ರಿನಲಿನ್ನಿಗೂ ಒಪ್ಪಿಗೆ ಕೊಟ್ಟಿತು. ನಮ್ಮ ಊರಿನ ಮೆಡಿಕಲ್‌ಗಳಲ್ಲಿ ಆ ಪೆನ್ನು ಕೇಳಿ ಪಡೆಯುವುದು ಸುಲಭವಲ್ಲ. ಗಾಜಿನ ಆಂಪ್ಯೂಲ್ ಮಾತ್ರ ಅಗ್ಗ, ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಅಡಚಣೆ ಮದ್ದಿನದಲ್ಲ, ಅದನ್ನು ಕೊಡುವ ಕೈಯದು.

ಆದರೆ ಆ ಕೈ ಈಗಾಗಲೇ ಇದೆ. ಮಕ್ಕಳ ಲಸಿಕೆ ಹಾಕುವ ಜಾಗದಲ್ಲಿ ಅನಾಫಿಲಾಕ್ಸಿಸ್ ಕಿಟ್ ಇರಬೇಕು. ಲಸಿಕೆಯಿಂದ ಯಾರಾದರೂ ಕುಸಿದರೆ ಎಎನ್ಎಂ ಸಿಸ್ಟರ್ ಒಂದು ಡೋಸ್ ಅಡ್ರಿನಲಿನ್ ತೊಡೆಗೆ ಕೊಟ್ಟು ಆಸ್ಪತ್ರೆಗೆ ಕಳಿಸಬೇಕು ಎಂದು ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಲಸಿಕೆಯಿಂದಾದ ಅನಾಫಿಲಾಕ್ಸಿಸ್ ಬೇರೆಯಲ್ಲ, ಜೇನಿನಿಂದಾದದ್ದು ಬೇರೆಯಲ್ಲ. ಕಿಟ್ ಅದೇ, ಡೋಸ್ ಅದೇ, ತೊಡೆ ಅದೇ. ಈ ಅನುಮತಿಯನ್ನು ಜೇನು, ಕಣಜದ ಪ್ರಕರಣಗಳಿಗೂ ಸ್ಪಷ್ಟವಾಗಿ ವಿಸ್ತರಿಸಬೇಕು. ಕನಿಷ್ಠ ಕುಯ್ಲಿನ ತಿಂಗಳುಗಳಲ್ಲಾದರೂ ಉಪಕೇಂದ್ರಗಳಲ್ಲಿ ಕಿಟ್ ಕೈಗೆ ಸಿಗುವ ಹಾಗಿರಬೇಕು. ದೊಡ್ಡ ಎಸ್ಟೇಟುಗಳ ಕಾಲದಲ್ಲಿ 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆ ತೋಟದಲ್ಲೇ ಚಿಕಿತ್ಸೆಯ ಏರ್ಪಾಡು ಇರಬೇಕೆಂದಿತು. ಆದರೆ ದೇಶದ ಕಾಫಿ ಹಿಡುವಳಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ 10 ಹೆಕ್ಟೇರಿಗಿಂತ ಸಣ್ಣವು. ಐದೆಕರೆ ತೋಟದವರಿಗೆ ಡಿಸ್ಪೆನ್ಸರಿ ಎಲ್ಲಿಂದ ಬರಬೇಕು?

ಜೇನು ಪೆಟ್ಟಿಗೆಗಳೂ ಈಗ ಮನೆಗಳಿಗೆ ಹತ್ತಿರ ಬರುತ್ತಿವೆ. 2021ರ ಮಾರ್ಚ್‌ನಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ನಾಗರಹೊಳೆ ಅಂಚಿನ ಚೇಲೂರಿನ ಬಳಿ ಆನೆ ದಾರಿಗೆ ಅಡ್ಡಲಾಗಿ ಜೇನು ಪೆಟ್ಟಿಗೆಗಳ ಬೇಲಿ ಇಟ್ಟಿತು. ಯೋಚನೆ ಒಳ್ಳೆಯದೇ, ಆನೆಗೆ ಜೇನೆಂದರೆ ಭಯ. ರೊಬಸ್ಟಾ ಕಾಯಿ ಕಚ್ಚಲೂ ಜೇನು ಬೇಕು. ಆದರೆ ಪೆಟ್ಟಿಗೆಯ ಜೊತೆ ಕಿಟ್ಟೂ ಬರಬೇಕೆಂದು ಕೇಳಿದವರು ಕಡಿಮೆ.

ಹಾವಿನ ವಿಷಯಕ್ಕೆ ಬಂದರೆ ಕಥೆ ಇನ್ನೂ ತೊಡಕು. ಹಾವಿನ ಮದ್ದು, ಅಂದರೆ ಎಎಸ್‌ವಿ, ಕುದುರೆಯ ರಕ್ತದಿಂದ ತೆಗೆದ ಪ್ರತಿಕಾಯ. ವಿಷಕ್ಕೆ ಅದು ಮದ್ದು, ನಮ್ಮ ದೇಹಕ್ಕೆ ಅದು ಹೊರಗಿನ ಪ್ರೊಟೀನು. ಶ್ರೀಲಂಕಾದಲ್ಲಿ 2011ರಲ್ಲಿ ಪ್ರಕಟವಾದ, ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನದಲ್ಲಿ ನಾಲ್ಕರಲ್ಲಿ ಮೂರು ಮಂದಿಗೆ ಒಂದಲ್ಲ ಒಂದು ರಿಯಾಕ್ಷನ್ ಆಯಿತು. ಎಎಸ್‌ವಿಗೆ ಮೊದಲು ಚರ್ಮದಡಿ ಸ್ವಲ್ಪ ಅಡ್ರಿನಲಿನ್ ಕೊಟ್ಟವರಲ್ಲಿ ಮೊದಲ ಗಂಟೆಯ ತೀವ್ರ ರಿಯಾಕ್ಷನ್ 43%ನಷ್ಟು ಕಡಿಮೆಯಾಯಿತು. ಹೈಡ್ರೋಕಾರ್ಟಿಸೋನ್ ಮತ್ತು ಅವಿಲ್ ಜಾತಿಯ ಪ್ರೊಮೆಥಜಿನ್‌ನಿಂದ ಅಂಥ ಉಪಯೋಗ ಕಾಣಲಿಲ್ಲ. ಅವಿಲ್-ಡೆಕ್ಸಾ ಜೋಡಿಯ ಬಗ್ಗೆ ಇದಕ್ಕಿಂತ ನೇರ ಪರೀಕ್ಷೆ ಇನ್ನೇನು ಬೇಕು?

ಇಲ್ಲಿ ಕೊಡಗಿನದೇ ಒಂದು ಸಮಸ್ಯೆ ಇದೆ. ನಮ್ಮ ಎಎಸ್‌ವಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳಿಗೆ ಮಾತ್ರ. ಕಾಫಿ ತೋಟದ ತರಗೆಲೆಯಲ್ಲಿ ಕಚ್ಚುವುದು ಎಷ್ಟೋ ಸಲ ಮೂಗಿನ ತುದಿ ಮೇಲಕ್ಕೆ ಚೂಪಾಗಿರುವ ಗಿಡ್ಡ ಹಾವು, ಹಂಪ್ ನೋಸ್ಡ್ ಪಿಟ್ ವೈಪರ್. ಅದರ ವಿಷಕ್ಕೆ ಈ ಎಎಸ್‌ವಿ ನಾಟುವುದಿಲ್ಲ. ಕೊಟ್ಟರೆ ರಿಯಾಕ್ಷನ್ನಿನ ಅಪಾಯ ಮಾತ್ರ ಉಳಿಯುತ್ತದೆ, ಲಾಭ ಇಲ್ಲ. ಹಾವಿನ ಫೋಟೋ ಇದ್ದರೆ ಡಾಕ್ಟರಿಗೆ ತೋರಿಸಿ, ಹಾವನ್ನು ಹಿಡಿಯಲು ಹೋಗಬೇಡಿ. ಎಎಸ್‌ವಿಗೆ ಮೊದಲು ಚರ್ಮದ ಮೇಲೆ ಟೆಸ್ಟ್ ಡೋಸ್ ಹಾಕುವ ಹಳೇ ಪದ್ಧತಿಯೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಟೆಸ್ಟ್ ಏನನ್ನೂ ಮುಂಚೆ ಹೇಳುವುದಿಲ್ಲ, ಏಕೆಂದರೆ ಈ ರಿಯಾಕ್ಷನ್ ಹೆಚ್ಚಿನವರಲ್ಲಿ ಐಜಿಇಯಿಂದ ಆಗುವುದೇ ಅಲ್ಲ.

ಎಎಸ್‌ವಿ ಹಾಕಿಸಿಕೊಂಡು ಮನೆಗೆ ಹೋದವರಿಗೆ ಒಂದೆರಡು ವಾರ ಬಿಟ್ಟು ಜ್ವರ, ಕೀಲುನೋವು, ಮೈಮೇಲೆ ದದ್ದು ಬರಬಹುದು. ಹಾವಿನ ವಿಷ ಮತ್ತೆ ಏರಿತು ಎಂದು ಜನ ನಾಟಿ ಮದ್ದಿಗೆ ಓಡುತ್ತಾರೆ. ಇದು ಮೂರನೇ ಗುಂಪಿನ ಪ್ರತಿಕ್ರಿಯೆ. ಕುದುರೆಯ ಪ್ರೊಟೀನಿನ ವಿರುದ್ಧ ನಮ್ಮ ದೇಹ ಐಜಿಜಿ ಪ್ರತಿಕಾಯ ತಯಾರಿಸುತ್ತದೆ. ಎರಡೂ ಅಂಟಿಕೊಂಡು ಗಂಟುಗಳಾಗಿ ಸಣ್ಣ ರಕ್ತನಾಳ, ಕೀಲು, ಕಿಡ್ನಿಯಲ್ಲಿ ಕೂರುತ್ತವೆ. ಅಲ್ಲಿ ಉರಿಯೂತ ಆಗುತ್ತದೆ. ಸೀರಂ ಸಿಕ್‌ನೆಸ್ ಎಂದು ಇದನ್ನು 1905ರಲ್ಲೇ ವಿವರಿಸಿದವರು ಪಿರ್ಕೆ ಮತ್ತು ಶಿಕ್. ಮರುವರ್ಷ ಅಲರ್ಜಿ ಎಂಬ ಪದ ಹುಟ್ಟಿಸಿದ್ದೂ ಪಿರ್ಕೆಯೇ. ಇಲ್ಲಿ ಅಡ್ರಿನಲಿನ್ನಿಗೆ ಕೆಲಸ ಇಲ್ಲ. ಸಾಮಾನ್ಯವಾಗಿ ತಾನೇ ಇಳಿಯುತ್ತದೆ, ಜಾಸ್ತಿಯಾದರೆ ಕೆಲವು ದಿನ ಸ್ಟಿರಾಯ್ಡ್ ಮಾತ್ರೆ. ಲೂಪಸ್ ಕಾಯಿಲೆಯಲ್ಲೂ, ಗಂಟಲು ಸೋಂಕಾದ ಮೇಲೆ ಮಕ್ಕಳ ಕಿಡ್ನಿಗೆ ಬರುವ ಉರಿಯೂತದಲ್ಲೂ ಇದೇ ಗಂಟುಗಳ ಕಾರುಬಾರು.

ಎರಡನೇ ಗುಂಪಿನಲ್ಲಿ ಐಜಿಜಿ ಅಥವಾ ಐಜಿಎಂ ಎಂಬ ಪ್ರತಿಕಾಯ ನೇರವಾಗಿ ಜೀವಕೋಶದ ಮೈಮೇಲೇ ಕೂರುತ್ತದೆ, ಆ ಕೋಶ ನಾಶವಾಗುತ್ತದೆ. ಗುಂಪು ತಪ್ಪಿದ ರಕ್ತ ಕೊಟ್ಟಾಗ ಆಗುವುದು ಇದೇ. ಚಳಿ, ಜ್ವರ, ಸೊಂಟನೋವು, ಚಹಾ ಬಣ್ಣದ ಮೂತ್ರ. ಕೂಡಲೇ ರಕ್ತ ನಿಲ್ಲಿಸಬೇಕು, ಸಲೈನ್ ಹರಿಸಬೇಕು. ಕೊಡಗಿನವರಿಗೆ ಇಲ್ಲೊಂದು ಮಾತು. ಆಗಸ್ಟ್ 3ರ ಕಕ್ಕಡ ಪದಿನೆಟ್ಟ್ ಹಬ್ಬದಂದು ಮದ್ದು ಸೊಪ್ಪಿನ ಪಾಯಸ ತಿಂದು ಮೂತ್ರ ಕೆಂಪಾದರೆ ಅದು ಸೊಪ್ಪಿನ ಬಣ್ಣ, ರಕ್ತಕಣ ಒಡೆದದ್ದಲ್ಲ. ಹೊರಗಿನಿಂದ ಬಂದ ಸೊಸೆ ಮೊದಲ ವರ್ಷ ಹೆದರುವುದು ಸಹಜವೇ!

ಇದೇ ಗುಂಪಿನಲ್ಲಿ ತಡೆಯಲು ಅತಿ ಸುಲಭವಾದದ್ದು ರಕ್ತದ ಆರ್‌ಎಚ್ ಗುಂಪಿನ ಸಮಸ್ಯೆ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದರೆ ಮೊದಲ ಹೆರಿಗೆಯಲ್ಲಿ ಮಗುವಿನ ರಕ್ತ ತಾಯಿಗೆ ಸೇರಿ ಪ್ರತಿಕಾಯ ಹುಟ್ಟುತ್ತದೆ. ಐಜಿಜಿ ಮಾಸು (ಪ್ಲಾಸೆಂಟಾ) ದಾಟಿ ಮಗುವಿಗೆ ಹೋಗುವಂಥದ್ದು. ಹಾಗಾಗಿ ಎರಡನೇ ಮಗುವೂ ಪಾಸಿಟಿವ್ ಆದರೆ ಅದರ ರಕ್ತಕಣಗಳನ್ನು ಅದು ಒಡೆಯಬಹುದು. 28ನೇ ವಾರದಲ್ಲಿ ಮತ್ತು ಹೆರಿಗೆಯಾಗಿ 72 ಗಂಟೆಯೊಳಗೆ ಆಂಟಿ ಡಿ ಇಂಜೆಕ್ಷನ್ ಕೊಟ್ಟರೆ ತಾಯಿಯ ದೇಹ ಆ ಪ್ರತಿಕಾಯ ಕಲಿಯುವುದೇ ಇಲ್ಲ. ಗರ್ಭಪಾತವಾದರೂ ಈ ಇಂಜೆಕ್ಷನ್ ಬೇಕಾಗಬಹುದು. ಮರೆಯುವುದು ಇಲ್ಲೇ.

ಪ್ರತಿಕಾಯ ಇಲ್ಲದ ನಾಲ್ಕನೇ ಗುಂಪನ್ನು ಬೇಗ ಹೇಳಿಬಿಡುತ್ತೇನೆ. ಹೊಳಗೇರು ಮರದ ಸೊನೆ ತಾಗಿ, ಸಿಲ್ವರ್ ಓಕ್ ಕಡಿದು, ಪಾರ್ಥೇನಿಯಂ ಕಿತ್ತು ಒಂದೆರಡು ದಿನದ ಮೇಲೆ ಗುಳ್ಳೆ ಎದ್ದರೆ ಅದು ಟಿ ಕೋಶ ಎಂಬ ಬಿಳಿ ರಕ್ತಕಣಗಳ ಕೆಲಸ. ಮುಲಾಮಿನ ಸ್ಟಿರಾಯ್ಡ್ ಬೇಕು. ಅವಿಲ್‌ನಂತೆ ಹಿಸ್ಟಮಿನ್ ತಡೆಯುವ ಸಿಟ್ರಿಜಿನ್ ಮಾತ್ರೆ ನುಂಗಿದರೆ ನಿದ್ದೆ ಬರಬಹುದು, ಅಷ್ಟೇ.

ಮಳೆಗಾಲದ ಸೀನು, ಉಬ್ಬಸ ಮತ್ತೆ ಐಜಿಇಯ ಮನೆಗೇ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಹಾಸಿಗೆ ಒಣಗುವುದಿಲ್ಲ, ಬಟ್ಟೆಯನ್ನು ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇವೆ, ಗೋಡೆಯ ಮೂಲೆಯಲ್ಲಿ ಬೂಷ್ಟು. ಕಣ್ಣಿಗೆ ಕಾಣದ ಧೂಳು ನುಸಿಗೆ ಇದಕ್ಕಿಂತ ಸ್ವರ್ಗ ಬೇರಿಲ್ಲ. ಅದು ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ, ನಮ್ಮ ಉದುರಿದ ಚರ್ಮ ತಿನ್ನುತ್ತದೆ. ನಮಗೆ ತೊಂದರೆ ಕೊಡುವುದು ಮುಖ್ಯವಾಗಿ ಅದರ ಹಿಕ್ಕೆ. ಈ ನುಸಿಯಲ್ಲಿ ಟ್ರೋಪೋಮಯೋಸಿನ್ ಎಂಬ ಪ್ರೊಟೀನಿದೆ. ಏಡಿ, ಸೀಗಡಿಯಲ್ಲೂ ಹೆಚ್ಚುಕಡಿಮೆ ಅಂಥದ್ದೇ ಇದೆ. ನುಸಿಗೆ ಪಳಗಿದ ಐಜಿಇ ಕೆಲವರಲ್ಲಿ ಏಡಿಯನ್ನೂ ಗುರುತು ಹಿಡಿಯುತ್ತದೆ. ನಮ್ಮಲ್ಲಿ ಏಡಿ ಹಿಡಿಯುವ ಕಾಲವೂ ಮಳೆಗಾಲವೇ. ಏಡಿ ತಿಂದು ಬಾಯಿ ತುರಿಸಿದರೆ, ತುಟಿ ಊದಿದರೆ ಅದು ಉಷ್ಣ ಅಲ್ಲ, ಮುಂದಿನ ಸಲ ಇನ್ನೂ ಜೋರಾಗಿ ಆಗಬಹುದಾದ ಅಲರ್ಜಿ.

ಇಂಥ ಮೂಗು-ಉಬ್ಬಸದ ತೊಂದರೆಗೆ ಮಾತ್ರೆಗಿಂತ ಒಳ್ಳೆಯದು ಮೂಗಿಗೆ ಹಾಕುವ ಸ್ಟಿರಾಯ್ಡ್ ಸ್ಪ್ರೇ ಮತ್ತು ಇನ್‌ಹೇಲರ್. ಇನ್‌ಹೇಲರ್ ಶುರು ಮಾಡಿದರೆ ಬಿಡಕ್ಕಾಗಲ್ಲ ಎಂಬ ಭಯದಲ್ಲಿ ಜನ ವರ್ಷಗಟ್ಟಲೆ "ಈಸ್ನೋಫೀಲಿಯಾ" ಮಾತ್ರೆ ನುಂಗುತ್ತಾರೆ. ಎಷ್ಟೋ ಸಲ ಅದು ಆಸ್ತಮಾನೇ.

ಟೆಸ್ಟಿನ ಬಗ್ಗೆಯೂ ಹುಷಾರಾಗಿರಬೇಕು. ಸರಿಯಾದ ಟೆಸ್ಟ್ ಎರಡು. ಮುಂಗೈ ಮೇಲೆ ಅನುಮಾನ ಇರುವ ಪದಾರ್ಥದ ಹನಿ ಹಾಕಿ ಮೆಲ್ಲಗೆ ಚುಚ್ಚಿ 15-20 ನಿಮಿಷ ಕಾಯುವುದು ಒಂದು. ಉಪ್ಪುನೀರು ಚುಚ್ಚಿದ ಜಾಗಕ್ಕಿಂತ 3 ಮಿಲಿಮೀಟರ್ ಜಾಸ್ತಿ ಊದಿದರೆ ಪಾಸಿಟಿವ್. ಸಿಟ್ರಿಜಿನ್ ಜಾತಿಯ ಮಾತ್ರೆಯನ್ನು ಅದಕ್ಕೆ ಕೆಲವು ದಿನ ಮೊದಲೇ ನಿಲ್ಲಿಸಬೇಕು, ಇಲ್ಲವಾದರೆ ಫಲಿತಾಂಶ ಸುಳ್ಳಾಗುತ್ತದೆ. ರಕ್ತದಲ್ಲಿ ಒಂದೊಂದು ಪದಾರ್ಥಕ್ಕೆ ಐಜಿಇ ಅಳೆಯುವುದು ಇನ್ನೊಂದು. ಎರಡರಲ್ಲೂ ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಇದೆ ಎಂದಲ್ಲ. ತಿಂದಾಗ ಏನಾಯಿತು ಎಂಬ ಕಥೆಯ ಜೊತೆ ಅದು ಹೊಂದಬೇಕು. ಇನ್ನು ಸಾವಿರಾರು ರೂಪಾಯಿಗೆ ನೂರಿನ್ನೂರು ಆಹಾರಗಳ ಐಜಿಜಿ ಪಟ್ಟಿ ಕೊಡುವ ಲ್ಯಾಬುಗಳಿವೆ. ಆಹಾರಕ್ಕೆ ಐಜಿಜಿ ಇರುವುದೆಂದರೆ ನೀವು ಅದನ್ನು ತಿಂದಿದ್ದೀರಿ ಎಂದಷ್ಟೇ ಅರ್ಥ. ಆ ಪಟ್ಟಿ ನೋಡಿ ಮಗುವಿಗೆ ಹಾಲು, ಮೊಟ್ಟೆ, ಗೋಧಿ ನಿಲ್ಲಿಸಿದವರನ್ನು ಕಂಡರೆ ಬೇಜಾರಾಗುತ್ತದೆ. ಪೆನ್ಸಿಲಿನ್ ಅಲರ್ಜಿ ಎಂದು ಹಳೇ ಚೀಟಿಯಲ್ಲಿ ಬರೆಸಿಕೊಂಡವರಲ್ಲೂ ಸರಿಯಾಗಿ ಪರೀಕ್ಷೆ ಮಾಡಿದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಅಲರ್ಜಿ ಇರುವುದಿಲ್ಲ.

ಹಾಗಾದರೆ ದೇಹವನ್ನು ಪಳಗಿಸಲು ಆಗುವುದೇ ಇಲ್ಲವೇ? ಆಗುತ್ತದೆ. ರಿಶೆಯ ನಾಯಿ ಸತ್ತ ಕೆಲವೇ ವರ್ಷಗಳಲ್ಲಿ, 1911ರಲ್ಲಿ, ಲಂಡನ್ನಿನ ಲೆನಾರ್ಡ್ ನೂನ್ ಹುಲ್ಲಿನ ಪರಾಗವನ್ನು ತೀರಾ ಸ್ವಲ್ಪದಿಂದ ಶುರುಮಾಡಿ ಏರಿಸುತ್ತಾ ಚುಚ್ಚಿದರೆ ಸೀನು ಕಡಿಮೆಯಾಗುತ್ತದೆ ಎಂದು ತೋರಿಸಿದರು. ಗುಟ್ಟು ಐಜಿಜಿ4 ಎಂಬ ಇನ್ನೊಂದು ಪ್ರತಿಕಾಯದಲ್ಲಿದೆ. ಅದು ವಿಷದ ಕಣವನ್ನು ಐಜಿಇಗಿಂತ ಮೊದಲೇ ಹಿಡಿದುಕೊಳ್ಳುತ್ತದೆ, ಆದರೆ ಗಲಾಟೆ ಮಾಡುವುದಿಲ್ಲ. ವರ್ಷಕ್ಕೆ ನೂರಾರು ಸಲ ಕಚ್ಚಿಸಿಕೊಳ್ಳುವ ಜೇನು ಸಾಕಣೆಯವರಲ್ಲಿ ಇದು ಜಾಸ್ತಿ ಇರುತ್ತದೆ, ಅವರಿಗೆ ತೀವ್ರ ಅಲರ್ಜಿ ಅಪರೂಪ. ವರ್ಷಕ್ಕೆ ಒಂದೆರಡು ಸಲ ಪೆಟ್ಟಿಗೆ ಮುಟ್ಟುವವರು, ಮನೆಯ ಹೆಂಡತಿ ಮಕ್ಕಳು ಹೆಚ್ಚು ಅಪಾಯದಲ್ಲಿರುತ್ತಾರೆ.

ಜೇನಿನ ವಿಷವನ್ನೇ ಹೀಗೆ ಏರಿಸುತ್ತಾ ಕೊಡುವ ಚಿಕಿತ್ಸೆಗೆ 3ರಿಂದ 5 ವರ್ಷ ಬೇಕು. ಜೇನಿಗೆ ಸುಮಾರು 80% ಮಂದಿಗೆ, ಕಣಜಕ್ಕೆ ಇನ್ನೂ ಹೆಚ್ಚಿನವರಿಗೆ ರಕ್ಷಣೆ ಸಿಗುತ್ತದೆ. ಎಲ್ಲೆಡೆ ಸಿಗುವ ಚಿಕಿತ್ಸೆ ಅಲ್ಲ, ದೊಡ್ಡ ಊರಿನ ಅಲರ್ಜಿ ತಜ್ಞರನ್ನೇ ಕೇಳಬೇಕು. ಐಜಿಇಯನ್ನೇ ಹಿಡಿದು ಕಟ್ಟಿಹಾಕುವ ಒಮಾಲಿಝುಮ್ಯಾಬ್ ಎಂಬ ಇಂಜೆಕ್ಷನ್ 2003ರಿಂದ ಅಮೆರಿಕದಲ್ಲಿ ಆಸ್ತಮಾಕ್ಕೆ ಇದೆ, 2024ರಲ್ಲಿ ಆಹಾರದ ಅಲರ್ಜಿಗೂ ಒಪ್ಪಿಗೆ ಸಿಕ್ಕಿತು. ಬೆಲೆ ಮಾತ್ರ ಕೂಲಿಯವರ ಕೈಗೆಟುಕುವಂಥದ್ದಲ್ಲ.

ಎಲ್ಲರಿಗೂ ಇದೆಲ್ಲ ಬೇಕಿಲ್ಲ. ಜೇನು ಹೊಡೆದ ಕೈ ಮೊಣಕೈ ತನಕ ಊದಿಕೊಂಡು ಎರಡು ದಿನ ನೋವಾದವರಿಗೆ ಮುಂದಿನ ಸಲ ಅನಾಫಿಲಾಕ್ಸಿಸ್ ಆಗುವ ಸಾಧ್ಯತೆ ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಐಸ್ ಇಟ್ಟು ಒಂದು ಸಿಟ್ರಿಜಿನ್ ನುಂಗಿದರೆ ಸಾಕು. ಹೊಡೆದದ್ದು ಕೈಗೆ, ಆದರೆ ಮೈಯೆಲ್ಲ ಗಂಧೆ ಎದ್ದು, ಉಸಿರು ಕಟ್ಟಿ ಅಥವಾ ತಲೆ ತಿರುಗಿ ಬಿದ್ದಿದ್ದರೆ ಲೆಕ್ಕವೇ ಬೇರೆ. ಅಂಥವರನ್ನು ತೋಟದ ರೈಟರೋ ಮೇಸ್ತ್ರಿಯೋ ಹೆಸರು ಬರೆದಿಟ್ಟುಕೊಂಡು, ಗೂಡಿರುವ ಮರದ ಕಡೆಗೆ ಕಳಿಸದೆ ಕಣದ ಕೆಲಸಕ್ಕೆ ಹಾಕಬೇಕು, ತಜ್ಞರ ಹತ್ತಿರ ಒಂದು ಸಲ ಕಳಿಸಬೇಕು. ಆ ದಿನದ ಚೀಟಿಯಲ್ಲಿ ಡಾಕ್ಟರಿಂದ "ಅನಾಫಿಲಾಕ್ಸಿಸ್" ಎಂದೇ ಬರೆಸಿಕೊಳ್ಳಿ. "ಅಲರ್ಜಿ" ಎಂದಷ್ಟೇ ಬರೆದ ಚೀಟಿಗೆ ಮುಂದಿನ ಆಸ್ಪತ್ರೆಯಲ್ಲಿ ಮತ್ತೆ ಸಿಗುವುದು ಅವಿಲ್ಲೇ.